ಭಯೋತ್ಪಾದನೆಯ ವ್ಯಾಖ್ಯೆ: ಜಗಳ ಇರುವುದು ವಿನಾಯಿತಿಯಲ್ಲಿ

ಎಲ್ಲರಿಗೂ ನಮಸ್ಕಾರ. ಇದು ಸಭೆಯೊಂದರಲ್ಲಿ ಮಾತಾಡಿದ್ದರ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.

ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 2017ರ ಅಕ್ಟೋಬರ್ 1ರ ರಾತ್ರಿ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಒಬ್ಬಾತ ಹೋಟೆಲ್ಲಿನ 32ನೇ ಮಹಡಿಯ ಕಿಟಕಿಯಿಂದ, ಕೆಳಗೆ ಸಂಗೀತ ಕೇಳುತ್ತಿದ್ದ ಜನರ ಮೇಲೆ ಗುಂಡು ಹಾರಿಸಿದ. ಒಟ್ಟು 60 ಜನ ಸತ್ತರು. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ ಇನ್ನೊಬ್ಬ ಗುಂಡು ಹಾರಿಸಿದ. 51 ಜನ ಸತ್ತರು. ಎರಡನೆಯದು ಭಯೋತ್ಪಾದನೆ. ಆ ದೇಶದ 2002ರ ಭಯೋತ್ಪಾದನೆ ತಡೆ ಕಾಯ್ದೆಯಡಿ ಶಿಕ್ಷೆಯಾದ ಮೊದಲ ಮನುಷ್ಯ ಆತ. ಮೊದಲನೆಯದು? ಎಫ್‌ಬಿಐ ವರ್ಷಕ್ಕೂ ಮೇಲೆ ಹುಡುಕಿತು. ಇಂಥದೇ ಕಾರಣ ಎಂದು ಹೇಳುವಂಥದ್ದು ಏನೂ ಸಿಗಲಿಲ್ಲ. ಹಾಗಾಗಿ ಅದು ಸಾಮೂಹಿಕ ಕೊಲೆಯಾಗಿಯೇ ಉಳಿಯಿತು.

ಸತ್ತವರ ಲೆಕ್ಕದಲ್ಲಿ ಮೊದಲನೆಯದೇ ದೊಡ್ಡದು. ಭಯದಲ್ಲೂ ಏನು ಕಡಿಮೆ ಇತ್ತು ಹೇಳಿ? ಗುಂಡು ಹಾರುವಾಗ ಓಡುವವನಿಗೆ ಹಾರಿಸುವವನ ಸಿದ್ಧಾಂತ ಗೊತ್ತಿರುವುದಿಲ್ಲ. ಆದರೆ ಕ್ರೈಸ್ಟ್‌ಚರ್ಚ್‌ನ ಹಂತಕ ಮೊದಲೇ ಉದ್ದದ ಹೇಳಿಕೆ ಬರೆದು ಹರಿಯಬಿಟ್ಟಿದ್ದ. ಕೃತ್ಯವನ್ನು ನೇರ ಪ್ರಸಾರ ಮಾಡಿದ. ಅವನು ಕೊಂದದ್ದು ಅಲ್ಲಿದ್ದವರನ್ನು. ಹೆದರಿಸಲು ಹೊರಟದ್ದು ಅಲ್ಲಿಲ್ಲದವರನ್ನು.

ಭಯೋತ್ಪಾದನೆಯ ತಿರುಳು ಇಷ್ಟೇ ಅಂತ ನನಗನ್ನಿಸುತ್ತದೆ. ಪೆಟ್ಟು ಬೀಳುವುದು ಒಬ್ಬರಿಗೆ, ಸಂದೇಶ ಇನ್ನೊಬ್ಬರಿಗೆ. ಮಾಮೂಲಿ ಕೊಲೆಯಲ್ಲಿ ಸಾಯುವವನೇ ಗುರಿ. ಇಲ್ಲಿ ಸಾಯುವವನು ಯಾರಾದರೂ ಆಗಬಹುದಿತ್ತು. ಬಸ್ಸಿನಲ್ಲಿ ಕೂತಿದ್ದ, ಸತ್ತ. ಅಷ್ಟೇ. ಬ್ರಯನ್ ಜೆಂಕಿನ್ಸ್ ಎಂಬ ಅಮೆರಿಕದ ವಿಶ್ಲೇಷಕರು 1970ರ ದಶಕದಲ್ಲೇ ಹೇಳಿದ್ದರು: ಭಯೋತ್ಪಾದಕರಿಗೆ ನೋಡುವವರು ಜಾಸ್ತಿ ಬೇಕು, ಸಾಯುವವರು ಜಾಸ್ತಿ ಬೇಕಿಲ್ಲ. 2001ರ ನಂತರ ಆ ಮಾತಿನ ಎರಡನೇ ಅರ್ಧ ಸುಳ್ಳಾಯಿತು. ಮೊದಲ ಅರ್ಧ ಇನ್ನೂ ನಿಂತಿದೆ.

ಇಷ್ಟು ಸರಳ ಇದ್ದರೆ ವ್ಯಾಖ್ಯೆಗೆ ಯಾಕಿಷ್ಟು ಒದ್ದಾಟ? 1980ರ ದಶಕದಲ್ಲಿ ಅಲೆಕ್ಸ್ ಶ್ಮಿಡ್ ಎಂಬ ಸಂಶೋಧಕರು ವಿದ್ವಾಂಸರು ಕೊಟ್ಟ 109 ವ್ಯಾಖ್ಯೆಗಳನ್ನು ಒಟ್ಟು ಮಾಡಿ, ಬಿಡಿಸಿ, 22 ಅಂಶಗಳನ್ನು ತೆಗೆದರು. ಹಿಂಸೆ ಎಂಬ ಅಂಶ ಶೇ 83.5ರಷ್ಟು ವ್ಯಾಖ್ಯೆಗಳಲ್ಲಿತ್ತು. ರಾಜಕೀಯ ಎಂಬುದು ಶೇ 65ರಲ್ಲಿ. ಭಯ ಎಂಬುದು ಶೇ 51ರಲ್ಲಿ! ಭಯೋತ್ಪಾದನೆ ಎಂದರೇನು ಅಂತ ಹೇಳುವಾಗ ಹತ್ತಿರಹತ್ತಿರ ಅರ್ಧದಷ್ಟು ಜನ ಭಯವನ್ನೇ ಬಿಟ್ಟಿದ್ದರು. ಇದನ್ನು ಓದಿದಾಗ ನಗು ಬಂತು, ಸುಳ್ಳು ಹೇಳಲ್ಲ.

ಆದರೂ ವಿದ್ವಾಂಸರ ಜಗಳ ಅಷ್ಟು ದೊಡ್ಡದಲ್ಲ. ತಿರುಳಿನ ಬಗ್ಗೆ ಬಹುಪಾಲು ಜನ ಒಪ್ಪುತ್ತಾರೆ. ನಿಜವಾದ ಜಗಳ ಸರ್ಕಾರಗಳದ್ದು, ಅದೂ ವಿನಾಯಿತಿಯ ಬಗ್ಗೆ. ‘ಸರಿ, ಇದು ಭಯೋತ್ಪಾದನೆ. ಆದರೆ ನಮ್ಮವರು ಮಾಡಿದಾಗ ಅಲ್ಲ’ ಎಂಬ ಒಂದು ಸಾಲು ಎಲ್ಲರಿಗೂ ಬೇಕು. ಆ ಸಾಲಿನ ಹೆಸರಲ್ಲೇ ಇಷ್ಟು ವರ್ಷಗಳ ಮಾತುಕತೆ ಮುರಿದುಬಿದ್ದಿದೆ. ಇವತ್ತು ನಾನು ಹೇಳಬೇಕಾದದ್ದು ಇದನ್ನೇ.

ಈ ಪದ ಫ್ರೆಂಚ್ ಕ್ರಾಂತಿಯಲ್ಲಿ ಹುಟ್ಟಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ಅದಕ್ಕಿಂತ ಸ್ವಾರಸ್ಯವಾದದ್ದು ರಷ್ಯಾದ್ದು. 1881ರ ಮಾರ್ಚ್‌ನಲ್ಲಿ ‘ನರೋದ್ನಾಯಾ ವೋಲ್ಯಾ’ ಎಂಬ ಗುಂಪು ಬಾಂಬ್ ಎಸೆದು ಚಕ್ರವರ್ತಿ ಎರಡನೇ ಅಲೆಕ್ಸಾಂಡರನನ್ನು ಕೊಂದಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಗುಂಡೇಟಿಗೆ ಸತ್ತರು. ಆಗ ಇದೇ ರಷ್ಯನ್ ಗುಂಪು ಒಂದು ಹೇಳಿಕೆ ಹೊರಡಿಸಿ ಆ ಕೊಲೆಯನ್ನು ಖಂಡಿಸಿತು. ಜನ ಮತ ಹಾಕಿ ಸರ್ಕಾರ ಬದಲಿಸಬಹುದಾದ ದೇಶದಲ್ಲಿ ರಾಜಕೀಯ ಕೊಲೆ ಸರ್ವಾಧಿಕಾರಕ್ಕೆ ಸಮ ಎನ್ನುವುದು ಅವರ ವಾದ. ಬಾಂಬ್ ಎಸೆದವರ ಬಳಿಯೂ ಒಂದು ವ್ಯಾಖ್ಯೆ ಇತ್ತು, ಅದರೊಳಗೆ ತಮಗೊಂದು ವಿನಾಯಿತಿ ಇತ್ತು.

ಅಂತರರಾಷ್ಟ್ರೀಯ ಕಾನೂನಿಗೆ ಈ ತಲೆನೋವು ಅಂಟಿಕೊಂಡದ್ದು 1934ರ ಅಕ್ಟೋಬರ್ 9ರಂದು. ಯುಗೊಸ್ಲಾವಿಯಾದ ದೊರೆ ಅಲೆಕ್ಸಾಂಡರ್ ಫ್ರಾನ್ಸಿನ ಮಾರ್ಸೇಲ್ ಬಂದರಿನಲ್ಲಿ ಹಡಗಿಳಿದು ಕಾರಿನಲ್ಲಿ ಹೊರಟಿದ್ದರು. ದಾರಿಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಜೊತೆಯಲ್ಲಿದ್ದ ಫ್ರೆಂಚ್ ವಿದೇಶಾಂಗ ಸಚಿವ ಲೂಯಿ ಬಾರ್ತೂ ಕೂಡ ಸತ್ತರು. ಸಂಚು ಮಾಡಿದವರೆಂದು ಆರೋಪ ಹೊತ್ತವರು ಇಟಲಿಯಲ್ಲಿದ್ದರು. ಅವರನ್ನು ಒಪ್ಪಿಸಿ ಎಂದು ಫ್ರಾನ್ಸ್ ಕೇಳಿತು. ಟ್ಯೂರಿನ್ನಿನ ನ್ಯಾಯಾಲಯ ಆಗುವುದಿಲ್ಲ ಎಂದಿತು. ಕಾರಣ, ಇದು ರಾಜಕೀಯ ಅಪರಾಧ.

ನ್ಯಾಯಾಲಯ ಹೊಸದೇನೂ ಹೇಳಿರಲಿಲ್ಲ. 1833ರ ಬೆಲ್ಜಿಯಂ ಕಾನೂನಿನ ಕಾಲದಿಂದ ಯುರೋಪಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ರಾಜಕೀಯ ಕಾರಣಕ್ಕೆ ತಪ್ಪಿಸಿಕೊಂಡು ಬಂದವರನ್ನು ಅವರ ಸರ್ಕಾರದ ಕೈಗೆ ಒಪ್ಪಿಸಬಾರದು. ಒಳ್ಳೆಯ ಪದ್ಧತಿಯೇ. ದಬ್ಬಾಳಿಕೆಯ ವಿರುದ್ಧ ದನಿ ಎತ್ತಿದ ಎಷ್ಟೋ ಜನರನ್ನು ಅದು ಉಳಿಸಿದೆ. ಆದರೆ ಅದೇ ಬಾಗಿಲಿನಿಂದ ಕೊಲೆಗಾರರೂ ಒಳಗೆ ಬರುತ್ತಾರಲ್ಲ, ಅವರನ್ನು ಹೇಗೆ ಬೇರೆ ಮಾಡುವುದು?

ವಿಶ್ವಸಂಸ್ಥೆಗಿಂತ ಮೊದಲು ಇದ್ದ ರಾಷ್ಟ್ರಸಂಘ 1937ರಲ್ಲಿ ಒಂದು ಒಪ್ಪಂದ ತಂದಿತು. ಒಂದು ರಾಷ್ಟ್ರದ ವಿರುದ್ಧ ನಡೆಸುವ, ಜನರ ಮನಸ್ಸಿನಲ್ಲಿ ಭಯದ ಸ್ಥಿತಿ ಹುಟ್ಟಿಸುವ ಉದ್ದೇಶದ ಅಪರಾಧ ಕೃತ್ಯಗಳು ಎಂದು ಅದರಲ್ಲಿ ಭಯೋತ್ಪಾದನೆಯನ್ನು ವಿವರಿಸಿದರು. ‘ರಾಷ್ಟ್ರದ ವಿರುದ್ಧ’ ಎನ್ನುವುದನ್ನು ಗಮನಿಸಿ. ರಾಷ್ಟ್ರವೇ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಮೊದಲ ವಿನಾಯಿತಿ ಮೊದಲ ವ್ಯಾಖ್ಯೆಯಲ್ಲೇ ಸೇರಿಕೊಂಡಿತು. 24 ದೇಶಗಳು ಸಹಿ ಹಾಕಿದವು. ಅನುಮೋದಿಸಿದ್ದು ಒಂದೇ: 1941ರಲ್ಲಿ, ಬ್ರಿಟಿಷರ ಆಳ್ವಿಕೆಯ ಭಾರತ. ಸ್ವಾತಂತ್ರ್ಯ ಕೇಳುವ ಕ್ರಾಂತಿಕಾರಿಗಳನ್ನೆಲ್ಲ ಭಯೋತ್ಪಾದಕರೆಂದು ಕರೆಯುತ್ತಿದ್ದ ಸರ್ಕಾರ ಅದು. ಭಗತ್ ಸಿಂಗ್ 1931ರ ಫೆಬ್ರವರಿಯಲ್ಲಿ ಜೈಲಿನಿಂದ ಯುವ ಕಾರ್ಯಕರ್ತರಿಗೆ ಬರೆದ ಪತ್ರದಲ್ಲಿ, ನಾನು ಭಯೋತ್ಪಾದಕನಂತೆ ನಡೆದುಕೊಂಡಿದ್ದೇನೆ ಅಂತ ಕಾಣಬಹುದು, ಆದರೆ ನಾನು ಭಯೋತ್ಪಾದಕನಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಒಪ್ಪಂದ ಮಾತ್ರ ಕೊನೆಗೂ ಜಾರಿಗೆ ಬರಲಿಲ್ಲ.

ಎರಡನೇ ವಿನಾಯಿತಿ ಎದ್ದು ಕಂಡದ್ದು 1972ರಲ್ಲಿ. ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ಟೀನಿ ಗುಂಪೊಂದರ ದಾಳಿಯಲ್ಲಿ ಇಸ್ರೇಲ್ ತಂಡದ 11 ಜನ ಸತ್ತ ಮೇಲೆ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್ ವಿಷಯವನ್ನು ಸಾಮಾನ್ಯ ಸಭೆಯ ಮುಂದಿಟ್ಟರು. ಅಷ್ಟರಲ್ಲಿ ಸಭೆಯ ಬಣ್ಣ ಬದಲಾಗಿತ್ತು. ವಸಾಹತುಗಳಾಗಿದ್ದ ಹತ್ತಾರು ದೇಶಗಳು ಈಗ ಅಲ್ಲಿ ಕೂತಿದ್ದವು. ಅವರ ನಾಯಕರಲ್ಲಿ ಅನೇಕರು ಒಂದು ಕಾಲಕ್ಕೆ ಇದೇ ಬಿರುದು ಹೊತ್ತವರು. ಡಿಸೆಂಬರ್‌ನಲ್ಲಿ ಬಂದ ನಿರ್ಣಯ ಹಿಂಸೆಯ ಬಗ್ಗೆ ಕಳವಳವನ್ನೇನೋ ಹೇಳಿತು. ಅದರ ಜೊತೆಗೇ ಸ್ವಯಂ ನಿರ್ಧಾರದ ಹಕ್ಕನ್ನು ಎತ್ತಿಹಿಡಿಯಿತು. ಖಂಡಿಸಿದ್ದು ವಸಾಹತುಶಾಹಿ ಮತ್ತು ಜನಾಂಗೀಯ ಆಡಳಿತಗಳ ಭಯೋತ್ಪಾದಕ ಕೃತ್ಯಗಳನ್ನು. ವಿಮೋಚನೆಯ ಹೋರಾಟ ಬೇರೆ, ಭಯೋತ್ಪಾದನೆ ಬೇರೆ ಎಂಬ ವಾದ ಅಲ್ಲಿಂದ ಗಟ್ಟಿಯಾಯಿತು.

‘ಒಬ್ಬರ ಭಯೋತ್ಪಾದಕ ಇನ್ನೊಬ್ಬರ ಸ್ವಾತಂತ್ರ್ಯ ಹೋರಾಟಗಾರ’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಕೇಳಲು ಜಾಣತನದ ಮಾತು. ಆದರೆ ಒಬ್ಬನೇ ಮನುಷ್ಯ ಎರಡೂ ಆಗಿರಲು ಏನು ಅಡ್ಡಿ? ಹೋರಾಟಗಾರ ಎನ್ನುವುದು ಅವನ ಗುರಿಯ ಬಗ್ಗೆ ಹೇಳುತ್ತದೆ. ಭಯೋತ್ಪಾದಕ ಎನ್ನುವುದು ಅವನ ದಾರಿಯ ಬಗ್ಗೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ದಕ್ಷಿಣ ಆಫ್ರಿಕಾವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಲ್ಲಿನ ಬಿಳಿಯರ ಸರ್ಕಾರ 1967ರಲ್ಲಿ ಭಯೋತ್ಪಾದನೆ ಕಾಯ್ದೆ ತಂದಿತು. ಕಾನೂನು ಸುವ್ಯವಸ್ಥೆಗೆ ಅಪಾಯ ತರುವ ಉದ್ದೇಶದ ಯಾವುದೇ ಕೃತ್ಯವೂ ಅದರಲ್ಲಿ ಭಯೋತ್ಪಾದನೆ. ಸರ್ಕಾರದ ಆಡಳಿತಕ್ಕೆ ಮುಜುಗರ ತರುವುದೂ ಆ ಪಟ್ಟಿಯಲ್ಲಿತ್ತು. ಮುಜುಗರ! 1967ರ ಈ ಕಾಯ್ದೆ 1962ರ ಜೂನ್‌ನಿಂದ ಪೂರ್ವಾನ್ವಯ ಆಗುತ್ತಿತ್ತು. ಅದರ 6ನೇ ಕಲಮಿನಡಿ ಯಾರನ್ನಾದರೂ ವಿಚಾರಣೆಯೇ ಇಲ್ಲದೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದಿತ್ತು. 1977ರಲ್ಲಿ ಕರಿಯರ ಹಕ್ಕುಗಳ ಹೋರಾಟಗಾರ ಸ್ಟೀವ್ ಬಿಕೊ ಅವರನ್ನು ಹಿಡಿದದ್ದು ಇದೇ ಕಲಮಿನಡಿ. ಸೆಪ್ಟೆಂಬರ್ 12ರಂದು ಅವರು ಬಂಧನದಲ್ಲೇ ಸತ್ತರು.

ಇನ್ನೊಂದು ಕಡೆ ನೋಡಿ. 1964ರ ಏಪ್ರಿಲ್ 20ರಂದು ನೆಲ್ಸನ್ ಮಂಡೇಲಾ ಕಟಕಟೆಯಲ್ಲಿ ನಿಂತು ಮಾಡಿದ ಭಾಷಣ ಪ್ರಸಿದ್ಧ. ಅದರ ಕೊನೆಯ ಸಾಲುಗಳನ್ನೇ ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ನಡುವಿನ ಒಂದು ಭಾಗ. ನಮ್ಮ ಮುಂದೆ ನಾಲ್ಕು ಬಗೆಯ ಹಿಂಸೆಯ ದಾರಿ ಇದ್ದವು ಎನ್ನುತ್ತಾರೆ ಅವರು: ವಿಧ್ವಂಸಕ ಕೃತ್ಯ, ಗೆರಿಲ್ಲಾ ಯುದ್ಧ, ಭಯೋತ್ಪಾದನೆ, ಬಹಿರಂಗ ಕ್ರಾಂತಿ. ನಾವು ಮೊದಲನೆಯದನ್ನು ಆರಿಸಿಕೊಂಡೆವು, ಯಾಕೆಂದರೆ ಅದರಲ್ಲಿ ಜನ ಸಾಯಬೇಕಿಲ್ಲ. ಗಮನಿಸಿದಿರಾ? ಭಯೋತ್ಪಾದನೆ ಎನ್ನುವುದು ಬರೀ ಸರ್ಕಾರದ ಬೈಗುಳ ಅಂತ ಅವರು ತಳ್ಳಿಹಾಕಲಿಲ್ಲ. ಹೌದು, ಅಂಥದ್ದೊಂದು ದಾರಿ ಇದೆ, ನಾವು ಅದನ್ನು ಹಿಡಿಯಲಿಲ್ಲ ಎಂದರು. 1980ರಲ್ಲಿ ಮಂಡೇಲಾ ಅವರ ಎಎನ್‌ಸಿ (ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್) ಪಕ್ಷ ಯುದ್ಧದ ನಿಯಮಗಳಾದ ಜಿನೀವಾ ಒಪ್ಪಂದಗಳನ್ನು ಪಾಲಿಸುತ್ತೇವೆ ಎಂದು ಲಿಖಿತ ಘೋಷಣೆಯನ್ನೂ ಕೊಟ್ಟಿತು.

ಆಮೇಲೆ ಬಂತು 1983ರ ಮೇ 20. ಪ್ರಿಟೋರಿಯಾದ ಚರ್ಚ್ ಸ್ಟ್ರೀಟ್‌ನಲ್ಲಿ ವಾಯುಪಡೆಯ ಕಚೇರಿ ಎದುರು ಎಎನ್‌ಸಿಯ ಸಶಸ್ತ್ರ ದಳ ಇಟ್ಟ ಕಾರ್ ಬಾಂಬ್ ಸಿಡಿದು 19 ಜನ ಸತ್ತರು. ಗುರಿ ಸೈನ್ಯದ್ದು. ಸತ್ತವರಲ್ಲಿ ದಾರಿಹೋಕರೂ ಇದ್ದರು. ಮುಂದೆ ಡೆಸ್ಮಂಡ್ ಟೂಟು ಅವರ ಸತ್ಯ ಮತ್ತು ಸಂಧಾನ ಆಯೋಗ 1998ರಲ್ಲಿ ವರದಿ ಕೊಟ್ಟಿತು. ವರ್ಣಭೇದ ನೀತಿ ಮಾನವತೆಯ ವಿರುದ್ಧದ ಅಪರಾಧ, ಅದರ ವಿರುದ್ಧದ ಹೋರಾಟ ನ್ಯಾಯವಾದದ್ದು ಎಂದಿತು. ಅದೇ ಉಸಿರಿನಲ್ಲಿ, ಆ ಹೋರಾಟದಲ್ಲಿ ನಾಗರಿಕರು ಸತ್ತ ಕೃತ್ಯಗಳು ಮಾನವ ಹಕ್ಕುಗಳ ಘೋರ ಉಲ್ಲಂಘನೆ ಎಂದೂ ಹೇಳಿತು. ಅಷ್ಟರಲ್ಲಿ ಅಧಿಕಾರದಲ್ಲಿದ್ದ ಎಎನ್‌ಸಿ ವರದಿ ತಡೆಯಲು ಕೋರ್ಟಿಗೆ ಹೋಗಿ ಸೋತಿತು. ಗುರಿಗೆ ಒಂದು ಅಂಕ, ದಾರಿಗೆ ಬೇರೆ ಅಂಕ ಕೊಡಲು ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂದಹಾಗೆ, ಅಮೆರಿಕದ ಭಯೋತ್ಪಾದಕರ ನಿಗಾ ಪಟ್ಟಿಯಿಂದ ಮಂಡೇಲಾ ಹೆಸರು ಹೋದದ್ದು 2008ರಲ್ಲಿ. ಅವರು ಅಧ್ಯಕ್ಷರಾಗಿ, ನಿವೃತ್ತರಾಗಿ ಒಂಬತ್ತು ವರ್ಷ ಆಗಿತ್ತು.

ಇನ್ನು ಸರ್ಕಾರಗಳ ವಿನಾಯಿತಿ. ಸೈನ್ಯ ಭಯ ಹುಟ್ಟಿಸಿದರೆ ಅದಕ್ಕೆ ಕಾನೂನೇ ಇಲ್ಲ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇದೆ. ಯುದ್ಧದ ಕಾನೂನಿನಲ್ಲಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್‌ನ 51ನೇ ವಿಧಿ, ನಾಗರಿಕರಲ್ಲಿ ಭಯ ಹರಡುವುದೇ ಮುಖ್ಯ ಉದ್ದೇಶವಾದ ಹಿಂಸೆಯನ್ನು ನಿಷೇಧಿಸುತ್ತದೆ. ಇದು ಕಾಗದದ ಮೇಲಷ್ಟೇ ಉಳಿಯಲಿಲ್ಲ. 1990ರ ದಶಕದ ಬೋಸ್ನಿಯಾ ಯುದ್ಧದಲ್ಲಿ ಸರಯೇವೊ ನಗರಕ್ಕೆ ಮುತ್ತಿಗೆ ಹಾಕಿದ್ದ ಬೋಸ್ನಿಯನ್ ಸರ್ಬ್ ಪಡೆಯ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ಗೆ ಇದೇ ಆಧಾರದ ಮೇಲೆ ಶಿಕ್ಷೆಯಾಯಿತು. ನೀರು ತರಲು ಹೋದವರ ಮೇಲೆ, ಟ್ರಾಮಿನಲ್ಲಿ ಕೂತವರ ಮೇಲೆ ಗುಂಡು ಹಾರಿಸುತ್ತಿದ್ದ ಪಡೆ ಅದು. 2003ರಲ್ಲಿ 20 ವರ್ಷ ಎಂದಿದ್ದ ಶಿಕ್ಷೆಯನ್ನು 2006ರಲ್ಲಿ ಮೇಲ್ಮನವಿ ಪೀಠ ಜೀವಾವಧಿಗೆ ಏರಿಸಿತು. ಸಮವಸ್ತ್ರ ಹಾಕಿದವರೂ ಭಯೋತ್ಪಾದನೆ ಮಾಡಬಲ್ಲರು ಎಂದು ನ್ಯಾಯಾಲಯವೇ ಹೇಳಿದಂತಾಯಿತು.

ಈಗ ವಿಶ್ವಸಂಸ್ಥೆಗೆ ಬನ್ನಿ. ವ್ಯಾಖ್ಯೆ ಸಿಗದಿದ್ದಾಗ ಅಲ್ಲಿನವರು ಒಂದು ಉಪಾಯ ಮಾಡಿದರು. ದೊಡ್ಡ ಪ್ರಶ್ನೆಯನ್ನು ಬದಿಗಿಟ್ಟು, ಒಂದೊಂದೇ ಕೃತ್ಯಕ್ಕೆ ಒಪ್ಪಂದ ಮಾಡುತ್ತಾ ಹೋದರು. 1970ರಲ್ಲಿ ವಿಮಾನ ಅಪಹರಣ, 1979ರಲ್ಲಿ ಒತ್ತೆಯಾಳು, 1997ರಲ್ಲಿ ಬಾಂಬ್ ಸ್ಫೋಟ. ವಿಮಾನ ಅಪಹರಿಸಿದವನು ಯಾಕೆ ಅಪಹರಿಸಿದ ಅಂತ ಕೇಳುವುದೇ ಬೇಡ, ಅಪಹರಿಸಿದ, ಅಪರಾಧ. ಬಹಳ ಚೆನ್ನಾಗಿ ನಡೆದ ಉಪಾಯ ಇದು. ಆದರೆ 1999ರಲ್ಲಿ, ಭಯೋತ್ಪಾದನೆಗೆ ಹಣ ಹೋಗುವುದನ್ನು ತಡೆಯುವ ಹಣಕಾಸಿನ ಒಪ್ಪಂದ ಮಾಡುವಾಗ ಸಿಕ್ಕಿಬಿದ್ದರು. ಹಣಕ್ಕೆ ಆಕಾರ ಇಲ್ಲ. ಯಾವುದಕ್ಕೆ ಕೊಟ್ಟರೆ ತಪ್ಪು ಅಂತ ಹೇಳಲೇಬೇಕು. ಆಗ ಬರೆದ ಸಾಲಿನ ಸಾರ ಹೀಗಿದೆ: ನಾಗರಿಕರನ್ನು, ಅಥವಾ ಯುದ್ಧದಲ್ಲಿ ಭಾಗವಹಿಸದ ಯಾರನ್ನೇ ಆಗಲಿ ಕೊಲ್ಲುವ, ತೀವ್ರವಾಗಿ ಗಾಯಗೊಳಿಸುವ ಉದ್ದೇಶದ ಕೃತ್ಯ, ಜನರನ್ನು ಹೆದರಿಸುವುದು ಅಥವಾ ಸರ್ಕಾರವನ್ನೋ ಅಂತರರಾಷ್ಟ್ರೀಯ ಸಂಸ್ಥೆಯನ್ನೋ ಬಗ್ಗಿಸುವುದು ಅದರ ಗುರಿ. ಯಾರು ಮಾಡಿದರು ಎಂಬ ಮಾತೇ ಆ ಸಾಲಿನಲ್ಲಿ ಇಲ್ಲ. ಒಂದನ್ನು ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

ಎಲ್ಲವನ್ನೂ ಒಳಗೊಂಡ ಸಮಗ್ರ ಒಪ್ಪಂದ ಬೇಕು ಎಂದು ಭಾರತ 1996ರಲ್ಲಿ ಕರಡು ಮಂಡಿಸಿತು. ಅದು ಇನ್ನೂ ಕರಡೇ. ವ್ಯಾಖ್ಯೆಯ ವಿಧಿಗಿಂತ ಹೆಚ್ಚಾಗಿ ಅದು ನಿಂತುಹೋದದ್ದು ವಿನಾಯಿತಿಯ ವಿಧಿಯ ಹತ್ತಿರ. ಸಶಸ್ತ್ರ ಸಂಘರ್ಷದ ಸಮಯದಲ್ಲಿ ‘ಸಶಸ್ತ್ರ ಪಡೆಗಳ’ ಕೃತ್ಯಗಳು ಈ ಒಪ್ಪಂದಕ್ಕೆ ಬರುವುದಿಲ್ಲ ಎನ್ನುತ್ತದೆ ಒಂದು ಗುಂಪು. ಇಸ್ಲಾಮಿಕ್ ಸಹಕಾರ ಸಂಘಟನೆಯ ದೇಶಗಳು, ಪಡೆಗಳು ಬೇಡ, ‘ಸಂಘರ್ಷದ ಪಕ್ಷಗಳು’ ಎಂದು ಬರೆಯಿರಿ, ವಿದೇಶಿ ಆಕ್ರಮಣದ ಪ್ರದೇಶಗಳನ್ನೂ ಸೇರಿಸಿ ಎನ್ನುತ್ತವೆ. ಮೊದಲನೆಯದರಲ್ಲಿ ಸೈನ್ಯಗಳಿಗೆ ರಕ್ಷಣೆ, ಎರಡನೆಯದರಲ್ಲಿ ಹೋರಾಟದ ಗುಂಪುಗಳಿಗೂ ರಕ್ಷಣೆ. 1937 ಮತ್ತು 1972 ಒಂದೇ ಮೇಜಿನ ಎರಡು ಬದಿಯಲ್ಲಿ ಕೂತ ಹಾಗಿದೆ.

ಈ ನಡುವೆ 2001ರ ಸೆಪ್ಟೆಂಬರ್ 28ರಂದು ಭದ್ರತಾ ಮಂಡಳಿ 1373ನೇ ನಿರ್ಣಯ ಮಾಡಿತು. ಭಯೋತ್ಪಾದನೆಯನ್ನು ಗಂಭೀರ ಅಪರಾಧ ಮಾಡಿ ಎಂದು ಎಲ್ಲ ದೇಶಗಳಿಗೂ ಆದೇಶ. ಭಯೋತ್ಪಾದನೆ ಅಂದರೇನು ಎಂದು ಮಾತ್ರ ಹೇಳಲಿಲ್ಲ. 2004ರಲ್ಲಿ 1566ನೇ ನಿರ್ಣಯದಲ್ಲಿ ಒಂದಿಷ್ಟು ವಿವರ ಬಂತು. ಅಷ್ಟರಲ್ಲಿ ಕಾನೂನುಗಳು ಬಂದಾಗಿತ್ತು, ಒಂದೊಂದು ದೇಶದ ಬಲೆಗೂ ಒಂದೊಂದು ಅಳತೆಯ ಕಣ್ಣು. ಬ್ರಿಟನ್ನಿನ 2000ದ ಕಾಯ್ದೆಯಲ್ಲಿ ಆಸ್ತಿಗೆ ತೀವ್ರ ಹಾನಿ ಮಾಡುವುದೂ ಸೇರಿದೆ, ‘ಸರ್ಕಾರ’ ಎಂದರೆ ಜಗತ್ತಿನ ಯಾವ ಸರ್ಕಾರವೂ ಆಗಬಹುದು. ಎಂಥ ಕ್ರೂರ ಸರ್ವಾಧಿಕಾರಿಯ ವಿರುದ್ಧ ಬಂದೂಕು ಹಿಡಿದರೂ ಅಕ್ಷರಶಃ ಅದು ಭಯೋತ್ಪಾದನೆಯೇ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಈ ಅಗಲದ ಬಗ್ಗೆ ಆತಂಕ ವ್ಯಕ್ತಪಡಿಸಿತು. ಭಾರತದ ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) 15ನೇ ಕಲಮಿನಲ್ಲಿ ಭಯ ಹುಟ್ಟಿಸುವ ಉದ್ದೇಶ ಇದ್ದರೂ ಸರಿ, ಹುಟ್ಟಿಸುವ ಸಾಧ್ಯತೆ ಇದ್ದರೂ ಸರಿ. ಬಾಂಬು, ಬಂದೂಕುಗಳ ಪಟ್ಟಿ ಮುಗಿದ ಮೇಲೆ ‘ಬೇರೆ ಯಾವುದೇ ವಿಧಾನ’ ಎಂಬ ಮಾತೂ ಇದೆ. ಜಾಮೀನು ಸಿಗುವುದು ಬಲು ಕಷ್ಟ. ಹಿಂದಿನ ಭಯೋತ್ಪಾದನೆ ತಡೆ ಕಾಯ್ದೆ ಟಾಡಾ ಕಾಲದಲ್ಲೇ, 1994ರಲ್ಲಿ, ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು: ಪ್ರತಿ ಭಯೋತ್ಪಾದಕನೂ ಅಪರಾಧಿ ಇರಬಹುದು, ಪ್ರತಿ ಅಪರಾಧಿಗೂ ಭಯೋತ್ಪಾದಕ ಎಂಬ ಹಣೆಪಟ್ಟಿ ಹಚ್ಚಲಾಗದು. ವ್ಯಾಖ್ಯೆ ಅಗಲವಾದಷ್ಟೂ ಆ ಎಚ್ಚರಿಕೆಗೆ ಜಾಗ ಕಡಿಮೆ.

ವ್ಯಾಖ್ಯೆಯ ಕೈಲಿ ಆಗದ್ದನ್ನು ಸರ್ಕಾರಗಳ ಭಯೋತ್ಪಾದಕರ ಪಟ್ಟಿಗಳು ಮಾಡುತ್ತವೆ. ಪಟ್ಟಿಗೆ ಸೇರಿದ ದಿನ ಖಾತೆ ಮುಟ್ಟುಗೋಲು, ಪ್ರಯಾಣ ಬಂದ್. ಸಿರಿಯಾದ ಬಂಡುಕೋರ ನಾಯಕ ಅಹ್ಮದ್ ಅಲ್ ಶರಾ ತಲೆಗೆ ಅಮೆರಿಕ 1 ಕೋಟಿ ಡಾಲರ್ ಬಹುಮಾನ ಇಟ್ಟಿತ್ತು. 2024ರ ಡಿಸೆಂಬರ್‌ನಲ್ಲಿ ಅವರ ಪಡೆ ಡಮಾಸ್ಕಸ್ ಹಿಡಿಯಿತು. ಅದೇ ತಿಂಗಳು ಬಹುಮಾನ ಹೋಯಿತು. 2025ರ ಮೇನಲ್ಲಿ ಅಮೆರಿಕದ ಅಧ್ಯಕ್ಷರು ಅವರ ಕೈ ಕುಲುಕಿದರು. ಹಿಂದೆ ನಡೆದದ್ದು ಒಂದೂ ಬದಲಾಗಿರಲಿಲ್ಲ, ಅಧಿಕಾರ ಯಾರ ಕೈಯಲ್ಲಿದೆ ಎನ್ನುವುದು ಬದಲಾಗಿತ್ತು. ರಾಜತಾಂತ್ರಿಕತೆಗೆ ಇದು ಬೇಕಾಗಬಹುದು, ನಾನು ಬೇಡ ಎನ್ನುವುದಿಲ್ಲ. ಆದರೆ ಇದನ್ನು ವ್ಯಾಖ್ಯೆ ಎಂದು ಕರೆಯಬೇಡಿ.

ಈಗ ಪ್ರಶ್ನೆಗಳು.

ಒಬ್ಬರು ಕೇಳಿದರು: ‘ನಿಮ್ಮ ಲೆಕ್ಕದಲ್ಲಿ ಸೈನಿಕರ ಮೇಲಿನ ದಾಳಿ ಭಯೋತ್ಪಾದನೆ ಅಲ್ವಾ?’

ಕಷ್ಟದ ಪ್ರಶ್ನೆ. 2000ದ ಅಕ್ಟೋಬರ್‌ನಲ್ಲಿ ಯೆಮನ್ ದೇಶದ ಏಡನ್ ಬಂದರಿನಲ್ಲಿ ಅಮೆರಿಕದ ಕೋಲ್ ಎಂಬ ಯುದ್ಧನೌಕೆಗೆ ಸ್ಫೋಟಕ ತುಂಬಿದ ದೋಣಿ ಗುದ್ದಿಸಿದರು. 17 ನಾವಿಕರು ಸತ್ತರು. ಅಲ್ಲಿ ಯುದ್ಧ ನಡೆಯುತ್ತಿರಲಿಲ್ಲ. ಹಣಕಾಸಿನ ಒಪ್ಪಂದದ ಮಾತಿನ ಪ್ರಕಾರ ಯುದ್ಧದಲ್ಲಿ ಭಾಗವಹಿಸದವರೆಲ್ಲ ರಕ್ಷಣೆಗೆ ಬರುತ್ತಾರೆ, ಹಾಗಾಗಿ ಇದು ಸೇರುತ್ತದೆ ಎಂದು ವಾದಿಸಬಹುದು. ಆದರೆ ಯುದ್ಧ ನಡೆಯುತ್ತಿರುವ ಕಡೆ, ಬಂದೂಕು ಹಿಡಿದ ಸೈನಿಕನ ಮೇಲೆ ದಾಳಿಯಾದರೆ ಅದನ್ನು ಭಯೋತ್ಪಾದನೆ ಎನ್ನಲು ನಾನು ಒಪ್ಪುವುದಿಲ್ಲ. ಅದು ದೇಶದ್ರೋಹ ಇರಬಹುದು, ಕೊಲೆ ಇರಬಹುದು, ಆ ದೇಶದ ಕಾನೂನು ಶಿಕ್ಷೆ ಕೊಡಬಹುದು. ಅದನ್ನೂ ಇದಕ್ಕೇ ಸೇರಿಸಿದರೆ, ಸೈನ್ಯವನ್ನು ಬಿಟ್ಟು ಬಸ್ಸಿಗೆ ಬಾಂಬ್ ಇಡುವವನಿಗೂ ಇವನಿಗೂ ವ್ಯತ್ಯಾಸವೇ ಇರುವುದಿಲ್ಲ. ಬಸ್ಸನ್ನು ಬಿಡಲು ಹೋರಾಟದ ಗುಂಪಿಗೆ ಯಾವ ಕಾರಣವೂ ಉಳಿಯುವುದಿಲ್ಲ. ಈ ಉತ್ತರ ಎಲ್ಲರಿಗೂ ಇಷ್ಟ ಆಗಲಿಲ್ಲ, ಸಭೆಯಲ್ಲೇ ಅದು ಗೊತ್ತಾಯಿತು.

ಇನ್ನೊಬ್ಬರದು: ‘ಕೊಲೆ ಅಂದರೆ ಕೊಲೆ. ಈ ಪ್ರತ್ಯೇಕ ಹೆಸರು ಯಾಕೆ ಬೇಕು?’

ಶಿಕ್ಷೆಗೇ ಆದರೆ ಬೇಡ. ಕೊಲೆಯ ಕಾನೂನು ಸಾಕು. ಹೆಸರು ಬೇಕಾಗುವುದು ಕೃತ್ಯಕ್ಕೆ ಮೊದಲು: ಹಣ ತಡೆಯಲು, ತಯಾರಿ ಹಂತದಲ್ಲೇ ಹಿಡಿಯಲು, ಬೇರೆ ದೇಶದಿಂದ ಕರೆತರಲು. ಆದರೆ ಇಲ್ಲೊಂದು ತೊಡಕಿದೆ. 2024ರ ಜುಲೈನಲ್ಲಿ ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಒಬ್ಬ ಹದಿಹರೆಯದವನು ನೃತ್ಯ ತರಗತಿಗೆ ನುಗ್ಗಿ ಮೂವರು ಬಾಲಕಿಯರನ್ನು ಕೊಂದ. ಅವನ ಬಳಿ ಅಲ್ ಖೈದಾದ ತರಬೇತಿ ಕೈಪಿಡಿ ಸಿಕ್ಕಿತು. ಆದರೂ ಯಾವ ಸಿದ್ಧಾಂತಕ್ಕಾಗಿ ಮಾಡಿದ ಎಂದು ಹೇಳಲಾಗಲಿಲ್ಲ, ಹಾಗಾಗಿ ಭಯೋತ್ಪಾದನೆ ಎಂದು ಘೋಷಿಸಲಿಲ್ಲ. ವ್ಯಾಖ್ಯೆಯನ್ನೇ ಹಿಗ್ಗಿಸಬೇಕು ಎಂಬ ಕೂಗೆದ್ದಿತು. ಭಯೋತ್ಪಾದನೆ ಕಾನೂನುಗಳ ಸ್ವತಂತ್ರ ಪರಿಶೀಲಕ ಜೊನಾಥನ್ ಹಾಲ್ 2025ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಅದು ಬೇಡ ಎಂದರು. ಬದಲಿಗೆ, ಇಬ್ಬರು ಅಥವಾ ಹೆಚ್ಚು ಜನರನ್ನು ಕೊಲ್ಲುವ ಉದ್ದೇಶದಿಂದ ತಯಾರಿ ಮಾಡುವುದನ್ನೇ ಒಂದು ಹೊಸ ಅಪರಾಧ ಮಾಡಲು ಯೋಚಿಸಿ ಎಂದರು. ಸಿದ್ಧಾಂತ ಇದೆಯೋ ಇಲ್ಲವೋ ಎಂದು ಆಗ ಪೊಲೀಸರು ಹುಡುಕುತ್ತಾ ಕೂರಬೇಕಿಲ್ಲ. ಭಯೋತ್ಪಾದನೆಯ ಕಾನೂನನ್ನೂ ಇನ್ನಷ್ಟು ಎಳೆಯಬೇಕಿಲ್ಲ.